ಚೀಟಿ ಕಳಚಿಬಿದ್ದ ಸದ್ದುಗಳು

1982ರಲ್ಲಿ ಮುಂಬೈಯ ಸಂಗೀತಗಾರ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಮೂರು ಎಲೆಕ್ಟ್ರಾನಿಕ್ ವಾದ್ಯಯಂತ್ರಗಳನ್ನಿಟ್ಟುಕೊಂಡು ಹತ್ತು ರಾಗಗಳ ಎಲ್‌ಪಿ ಒಂದನ್ನು ಮಾಡಿದರು. ತಾಳಕ್ಕೆ ಟಿಆರ್-808, ಬೇಸ್‌ಗೆ ಟಿಬಿ-303, ರಾಗಕ್ಕೆ ಜುಪಿಟರ್-8. ಎಚ್‌ಎಂವಿ ಹೊರತಂದ ಆ ರೆಕಾರ್ಡನ್ನು ಆಗ ಕೇಳಿದವರು ಕಡಿಮೆ. 2002ರಲ್ಲಿ ದೆಹಲಿಯ ಅಂಗಡಿಯಲ್ಲಿ ಅದು ಡಚ್ ಸಂಗ್ರಾಹಕ ಎಡೊ ಬೌಮನ್ ಕಣ್ಣಿಗೆ ಬಿತ್ತು, 2010ರಲ್ಲಿ ಮರುಮುದ್ರಣವಾಯಿತು. ಶಿಕಾಗೋದ ಆಸಿಡ್ ಹೌಸ್ ಎಂಬ ಎಲೆಕ್ಟ್ರಾನಿಕ್ ನೃತ್ಯಸಂಗೀತ ಹುಟ್ಟುವ ಮೊದಲೇ ಅದೇ ಬಗೆಯ ಸದ್ದು! ಈಗಿನವರು ಯಾರೋ ಹಳೆಯ ತಾರೀಖು ಹಾಕಿ ಮಾಡಿದ ಕಿತಾಪತಿ ಎಂದುಕೊಂಡವರೂ ಇದ್ದರು. ಸಿಂಗ್ ಮಾತ್ರ ಅಷ್ಟೂ ವರ್ಷ ಮುಂಬೈಯಲ್ಲೇ ಇದ್ದರು. ‘ಕಳೆದುಹೋಗಿದ್ದ ಸಂಗೀತ ಪತ್ತೆ’ ಎಂಬ ತಲೆಬರಹ ಕಂಡಾಗ ಯಾರಿಗೆ ಕಳೆದುಹೋಗಿತ್ತು ಎಂದು ಕೇಳಿಕೊಳ್ಳಬೇಕಾದ್ದು ಇದಕ್ಕೇ.

ಎಲೆಕ್ಟ್ರಾನಿಕ್ ಸಂಗೀತದ ಹಿಂದಿನ ಕತೆಯೂ ಇಂಥದ್ದೇ. ಕೈರೋದಲ್ಲಿ ಹಲೀಮ್ ಎಲ್-ದಬ್ 1944ರಲ್ಲೇ ತಂತಿ ರೆಕಾರ್ಡರ್‌ನಲ್ಲಿ ಝಾರ್ ಎಂಬ, ದೆವ್ವ ಬಿಡಿಸುವ ಹೆಂಗಸರ ಆಚರಣೆಯ ಹಾಡು ಹಿಡಿದು, ಅದನ್ನು ತಿದ್ದಿ ಬೇರೆಯೇ ಸದ್ದು ಮಾಡಿದ್ದರು. ಆದರೆ ಚರಿತ್ರೆ ಬರೆದವರು ಬಹುಕಾಲ ಶುರುಮಾಡಿದ್ದು 1948ರ ಪ್ಯಾರಿಸ್‌ನ ಪ್ರಯೋಗಗಳಿಂದ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲಿ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಮೂಗ್ ಸಿಂಥಸೈಜರ್ ಬಂತು, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೊ ಜೋಡಿಸಿದರು. ಅಲ್ಲಿ ಗೀತಾ ಸಾರಾಭಾಯಿ ಮೊದಲಾದವರು ಮಾಡಿದ ಟೇಪುಗಳು ಆಲ್ಬಮ್ ಆಗಿ ಹೊರಬಂದದ್ದು 2023ರಲ್ಲಿ. ಹತ್ತಿರದ ಮಾತೆಂದರೆ, ಮನೆಮನೆಯ ಸಂಗೀತ ಪಾಠಕ್ಕೆ ಬಂದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಈ ಚರಿತ್ರೆಗೆ ಸೇರಿಸುವವರು ಇವತ್ತಿಗೂ ಅಪರೂಪ.

ಯಾವ ಸದ್ದು ಯಾರದೆಂಬ ಗೋಜಲು ದಟ್ಟವಾದದ್ದು 2004ರಿಂದ 2012ರವರೆಗಿನ, ಹಳೆಯ ಸಂಗೀತವನ್ನು ಅಂತರ್ಜಾಲಕ್ಕೆ ಏರಿಸುತ್ತಿದ್ದ ಬ್ಲಾಗುಗಳ ಕಾಲದಲ್ಲಿ. ಘಾನಾದ ಅಟಾ ಕಾಕ್ ಅವರ ಕ್ಯಾಸೆಟ್ಟಿನಂಥ, ಬೆರಳೆಣಿಕೆಯ ಪ್ರತಿಗಳಷ್ಟೇ ಇದ್ದ ಸಂಗೀತ ಲೋಕಕ್ಕೆಲ್ಲ ತಲುಪಿದ್ದು ಆ ದಾರಿಯಲ್ಲೇ. ಅದು 2006ರಲ್ಲಿ ಬ್ಲಾಗಿಗೆ ಬಂತು. ಹಾಡಿದವರನ್ನು ಹುಡುಕಿ, ಮಾತಾಡಿ, ಅಧಿಕೃತವಾಗಿ ಹೊರತರುವ ಹೊತ್ತಿಗೆ 2015. ಹೀಗೆ ಹುಡುಕಿಕೊಂಡು ಹೋದವರು ಕಡಿಮೆ, ಸುಮ್ಮನೆ ಏರಿಸಿದವರೇ ಹೆಚ್ಚು. ನಾಲ್ಕು ತುಂಡು ಮಾಡಿ ಏರಿಸಿದ ರಾರ್ ಫೈಲಿನಲ್ಲಿ (ಹಾಡುಗಳನ್ನು ಒತ್ತಿ ಕಟ್ಟಿದ ಗಂಟು) ಮೂರನೆಯ ತುಂಡು ಅಳಿದಿದ್ದರೆ ಆಲ್ಬಮ್ ಪೂರ್ತಿ ಬಿಚ್ಚುತ್ತಿರಲಿಲ್ಲ. ಬಿಚ್ಚಿದರೂ ಹಾಡಿನ ಹೆಸರು ‘ಟ್ರ್ಯಾಕ್ 01’. ಹೊದಿಕೆಯ ಹಿಂಬದಿಯ ಚಿತ್ರ ಇಲ್ಲ, ನುಡಿಸಿದವರ ಹೆಸರಿಲ್ಲ. 2012ರ ಜನವರಿಯಲ್ಲಿ ಇಂಥ ಫೈಲುಗಳನ್ನು ಇಡುತ್ತಿದ್ದ ಮೆಗಾಅಪ್‌ಲೋಡ್ ತಾಣ ಮುಚ್ಚಿದಾಗ ಕೊಂಡಿಗಳು ರಾಶಿರಾಶಿಯಾಗಿ ಸತ್ತವು. ಜನರ ಹಾರ್ಡ್‌ಡಿಸ್ಕಿನಲ್ಲಿ ಉಳಿದದ್ದು ಹೆಸರಿಲ್ಲದ ಫೈಲು.

ಆ ಕಾಲದಲ್ಲಿ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ ರಿಪ್‌ಗಳಲ್ಲಿ ಸದ್ದೂ ಕೆಟ್ಟದ್ದುಂಟು. ಟೇಪನ್ನು ಓದುವ ಹೆಡ್ಡಿನ ಕೋನ ಟೇಪಿಗೆ ಹೊಂದದಿದ್ದರೆ ಮೇಲಿನ ಸ್ವರಗಳು ಕಂಬಳಿ ಹೊದ್ದಂತೆ ಮಂಕಾಗುತ್ತವೆ. ಹೆಡ್ಡಿನ ಪಕ್ಕದ, ಸ್ಪ್ರಿಂಗ್ ಇರುವ ಸಣ್ಣ ತಿರುಪನ್ನು ಕಾಂತತ್ವ ಇಲ್ಲದ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತ, ಎರಡೂ ಚಾನೆಲ್ ಕೂಡಿಸಿ ಮೋನೋದಲ್ಲಿ ಕೇಳಬೇಕು. ಟೇಪಿನ ‘ಸ್ಸ್’ ಸದ್ದು ಅತಿ ಚುರುಕಾದಲ್ಲಿ ನಿಲ್ಲಿಸಬೇಕು. ಟೇಪಿನ ಸುಯ್ಗುಟ್ಟುವಿಕೆ ತಗ್ಗಿಸುವ ಡಾಲ್ಬಿ ಬಿ ಹಾಕದೆ ಧ್ವನಿಮುದ್ರಿಸಿದ ಟೇಪನ್ನು ಡಾಲ್ಬಿ ಒತ್ತಿ ನುಡಿಸಿದರೂ ಇದೇ ಮಂಕು. ಇನ್ನೊಂದು ಮೋಸ, ಸದ್ದಿನ ಅಂಶ ಕತ್ತರಿಸಿ ಸಣ್ಣದಾಗಿಸಿದ 128 ಕೆಬಿಪಿಎಸ್ ಎಂಪಿ3ಯನ್ನು, ಏನೂ ಕಳೆಯದ ಮಾದರಿಯಾದ ಫ್ಲ್ಯಾಕ್‌ಗೆ ಪರಿವರ್ತಿಸಿ ಹಂಚುವುದು. ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್ (ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರ) ತೆರೆದಾಗ ಸುಮಾರು 16 ಕಿಲೋಹರ್ಟ್ಸ್‌ ಮೇಲೆ ಚಾಕುವಿನಿಂದ ಕತ್ತರಿಸಿದಂತೆ ಕಪ್ಪಾಗಿದ್ದರೆ ಅನುಮಾನ ಪಡಬಹುದು. ಹೋದ ಸ್ವರ ಮತ್ತೆ ಬರುವುದಿಲ್ಲ.

ಆಮೇಲೆ ಯೂಟ್ಯೂಬಿನ ಸಲಹೆಪಟ್ಟಿ ಬಂತು. ಜಪಾನಿನ ಮಿದೊರಿ ತಕಾದಾ 1983ರಲ್ಲಿ ಮಾಡಿದ ಆಲ್ಬಮ್ ಆ ಪಟ್ಟಿಯಿಂದಲೇ ಲಕ್ಷಾಂತರ ಕಿವಿಗಳಿಗೆ ಬಿದ್ದು, 2017ರಲ್ಲಿ ಮರುಮುದ್ರಣ ಕಂಡಿತು. ಯಂತ್ರ ಹುಡುಕಿಕೊಟ್ಟಿತು ಎನ್ನುತ್ತಾರೆ. ಅದಕ್ಕೂ ಮೊದಲು ಯಾರೋ ಒಬ್ಬರು ಆ ರೆಕಾರ್ಡನ್ನು ಇಟ್ಟುಕೊಂಡು, ಹೆಸರು ಬರೆದು ಏರಿಸಿದ್ದರಲ್ಲ! ಪಟ್ಟಿಗೆ ಇನ್ನೊಂದು ಅಭ್ಯಾಸವೂ ಇದೆ: ಒಂದು ಜಪಾನಿ ಆಂಬಿಯೆಂಟ್ (ವಾತಾವರಣದಂತೆ ಹರಡಿಕೊಳ್ಳುವ ಸಂಗೀತ) ಕೇಳಿದವರಿಗೆಲ್ಲ ಅದೇ ಆರೇಳು ಆಲ್ಬಮ್ ಬಡಿಸುತ್ತದೆ.

ಆ ಪಟ್ಟಿಯ ಆಚೆ ಹೋಗಬೇಕಾದರೆ ಹೆಸರು ಹಿಡಿದು ಹೋಗಬೇಕು. 2000ದಲ್ಲಿ ಎಲೆಕ್ಟ್ರಾನಿಕ್ ಸಂಗೀತಕ್ಕಾಗಿಯೇ ಶುರುವಾದ ರೆಕಾರ್ಡುಗಳ ಮಾಹಿತಿತಾಣ ಡಿಸ್ಕಾಗ್ಸ್‌ನಲ್ಲಿ ಆಲ್ಬಮ್ಮಿನ ಪುಟ ತೆರೆದು, ಕಲಾವಿದರನ್ನು ಬಿಟ್ಟು ಧ್ವನಿಮುದ್ರಕರ ಹೆಸರನ್ನು ಒತ್ತಿ ನೋಡಿ. ಅದೇ ಸ್ಟುಡಿಯೊದಲ್ಲಿ ಬೇರೆ ಯಾರು ಏನು ಮಾಡಿದರೆಂಬುದು ಸಾಲಾಗಿ ಬರುತ್ತದೆ. ಕೈಯಲ್ಲಿ ರೆಕಾರ್ಡೇ ಇದ್ದರೆ, ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ನುಣುಪು ಪಟ್ಟಿಯನ್ನು ಬೆಳಕಿಗೆ ಓರೆ ಹಿಡಿದು, ಅಲ್ಲಿ ಕೊರೆದ ಸಂಖ್ಯೆಯನ್ನು ಡಿಸ್ಕಾಗ್ಸ್‌ನಲ್ಲಿ ಹಾಕಿ ಹುಡುಕಬಹುದು. ಸಂಗೀತ ಮಾರುವ ತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಾದರೆ ಆಲ್ಬಮ್ ಕೊಂಡವರ ಪುಟ್ಟ ಚಿತ್ರಗಳನ್ನು ಒತ್ತಿ ಅವರ ಸಂಗ್ರಹ ನೋಡಬಹುದು. ಇಬ್ಬರು ಮೂವರ ಸಂಗ್ರಹದಲ್ಲಿ ಒಂದೇ ಅಪರಿಚಿತ ರೆಕಾರ್ಡ್ ಕಂಪನಿ ಕಂಡರೆ ಅಲ್ಲಿಂದ ಮುಂದುವರಿಯಿರಿ. ಅರಬ್ಬೀ, ಜಪಾನಿ ಹೆಸರುಗಳನ್ನು ಆಯಾ ಲಿಪಿಯಲ್ಲೇ ನಕಲಿಸಿ ಅಂಟಿಸಿ ಹುಡುಕುವುದು ಮೇಲು. ರೋಮನ್ ಲಿಪಿಯಲ್ಲಿ ಒಂದೇ ಹೆಸರಿಗೆ ಮೂರು ನಾಲ್ಕು ಕಾಗುಣಿತ.

ಸ್ಟ್ರೀಮಿಂಗ್ ಆಪ್‌ ತೋರಿಸುವ ವರ್ಷವನ್ನು ನಂಬಬೇಡಿ, ಬಹಳ ಸಲ ಅದು ಮರುಮುದ್ರಣದ ವರ್ಷ. ಪುಟದ ಕೆಳಗೆ ವೃತ್ತದೊಳಗೆ ಪಿ ಅಕ್ಷರವಿರುವ ಸಾಲಿನಲ್ಲಿ ಕೆಲವೊಮ್ಮೆ ಹಳೆಯ ವರ್ಷ ಸಿಗುತ್ತದೆ, ಕೆಲವೊಮ್ಮೆ ಅಲ್ಲೂ ಹೊಸತೇ.