ರಿಟ್ಜ್‌ಗೆ ಇಲ್ಲದ ‘ಪಲಾಸ್’ ಪಟ್ಟ: ಪ್ಯಾರಿಸ್ಸಿನ ಹಳೆಯ ಹೋಟೆಲುಗಳ ಲೆಕ್ಕಾಚಾರ

ದುಡ್ಡು ಕೂಡಿಟ್ಟು, ಪ್ಯಾರಿಸ್ಸಿನಲ್ಲಿ ಎರಡು ಮೂರು ರಾತ್ರಿಯಾದರೂ ಹಳೆಯ ಕಾಲದ ದೊಡ್ಡ ಹೋಟೆಲೊಂದರಲ್ಲಿ ಉಳಿಯೋಣ ಎಂದು ಹುಡುಕಲು ಕೂತವರಿಗೆ ಮೊದಲ ಗೊಂದಲ ಒಂದು ಪದದಿಂದಲೇ ಶುರುವಾಗುತ್ತದೆ. ಕೆಲವು ಹೋಟೆಲುಗಳಿಗೆ ಐದು ನಕ್ಷತ್ರ. ಇನ್ನು ಕೆಲವಕ್ಕೆ ಐದು ನಕ್ಷತ್ರದ ಮೇಲೆ ಫ್ರೆಂಚ್ ಸರಕಾರ ಕೊಡುವ ‘ಪಲಾಸ್’ ಎಂಬ ಪಟ್ಟ. ವಾಂದೋಮ್ ಚೌಕದ ರಿಟ್ಜ್ ಎಂದರೆ ಜಗತ್ತಿಗೇ ವೈಭವದ ಇನ್ನೊಂದು ಹೆಸರು, ಆದರೆ ಅದಕ್ಕೆ ಈ ಪಟ್ಟವಿಲ್ಲ. ಅಲ್ಲೇ ಪಕ್ಕದ ಬೀದಿಯಲ್ಲಿ 2002ರಲ್ಲಿ ತೆರೆದ ಪಾರ್ಕ್ ಹಯಾಟ್‌ಗೆ ಮೊದಲ ಪಟ್ಟಿಯಲ್ಲೇ ಸಿಕ್ಕಿತು.

ಪದದ ವಿಷಯವೇ ಸ್ವಲ್ಪ ವಿಚಿತ್ರ. ಫ್ರೆಂಚಿನಲ್ಲಿ ರಾಜನ ಅರಮನೆಗೆ ‘ಪಲೆ’ ಎನ್ನುತ್ತಾರೆ. ‘ಪಲಾಸ್’ ಇಂಗ್ಲಿಷಿನಿಂದ ಮರಳಿ ಬಂದ ಪದ, ಅದು ಹೋಟೆಲುಗಳಿಗೆ ಮಾತ್ರ. ನಮ್ಮಲ್ಲಿ ‘ಹೋಟೆಲ್’ ಎಂದರೆ ಇಡ್ಲಿ-ಕಾಫಿ ಸಿಗುವ ಜಾಗ ಎಂದಾಯಿತಲ್ಲ, ಹಾಗೆ. ಅದೇ ಫ್ರೆಂಚಿನ ‘ಒತೆಲ್’ ಮೊದಲು ಶ್ರೀಮಂತರ ನಗರದ ಮನೆಗೆ ಇದ್ದ ಹೆಸರು. ಪ್ಯಾರಿಸ್ಸಿನ ‘ಒತೆಲ್ ದ ಕ್ರಿಯೋಂ’ ಎಂಬ ಹೋಟೆಲಿನ ಹೆಸರಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಮೈಸೂರಿನ ಲಲಿತ ಮಹಲ್ ಮಹಾರಾಜರು ಕಟ್ಟಿಸಿ ಆಮೇಲೆ, 1974ರಲ್ಲಿ, ಹೋಟೆಲಾದದ್ದು. ಪ್ಯಾರಿಸ್ಸಿನ ಪಲಾಸುಗಳಲ್ಲಿ ಹಲವು ಹುಟ್ಟಿದ್ದೇ ಹೋಟೆಲಾಗಿ.

ಹಳೆಯ ಕಥೆಯನ್ನು ಬೇಗ ಮುಗಿಸಬಹುದು. ಮರೀಸ್ 1835ರಲ್ಲಿ ರಿವೋಲಿ ಬೀದಿಗೆ ಬಂತು, 1898ರಲ್ಲಿ ಸೀಸರ್ ರಿಟ್ಜ್ ತನ್ನ ಹೆಸರಿನ ಹೋಟೆಲು ತೆರೆದ, 1909ರಲ್ಲಿ ಕ್ರಿಯೋಂ, 1910ರಲ್ಲಿ ಲುತೇಸಿಯಾ, 1913ರಲ್ಲಿ ಪ್ಲಾಜಾ ಅಥೆನೆ, 1925ರಲ್ಲಿ ಬ್ರಿಸ್ಟಲ್, 1928ರಲ್ಲಿ ಜಾರ್ಜ್ ಸ್ಯಾಂಕ್. ಎರಡು ಯುದ್ಧ ಕಳೆದು, 1970ರ ದಶಕದ ನಂತರ ಇವುಗಳಲ್ಲಿ ಹಲವು ಒಂದೊಂದಾಗಿ ವಿದೇಶಿ ಒಡೆಯರ ಪಾಲಾದವು. ಈ ಹಳೆಯ ಕಥೆಯಲ್ಲಿ ಒಂದು ಸಂಗತಿಯನ್ನು ಮಾತ್ರ ನೆನಪಿಡಬೇಕು, ಯಾಕೆಂದರೆ ಕೋಣೆ ಆರಿಸುವಾಗ ಅದು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಲಿಫ್ಟ್ ಬರುವ ಮೊದಲು ಸಿರಿವಂತರು ಇರುತ್ತಿದ್ದದ್ದು ಕೆಳಗಿನ ಮಹಡಿಯಲ್ಲಿ, ಅಲ್ಲಿ ಚಾವಣಿ ಎತ್ತರ, ಕಿಟಕಿ ಉದ್ದ. ಇಳಿಜಾರು ಮಾಡಿನ ಅಡಿಯ ಕೋಣೆಗಳು ಆಳುಗಳಿಗೆ. ಲಿಫ್ಟ್ ಬಂದ ಮೇಲೆ ಬೆಲೆ ತಲೆಕೆಳಗಾಯಿತು. ಈಗ ಮೇಲಿನ ಮಹಡಿಯಲ್ಲಿ ಐಫೆಲ್ ಗೋಪುರ ಕಾಣುವ ಸೂಟಿಗೂ, ಅದೇ ಮಹಡಿಯ ಹಿಂಬದಿಯಲ್ಲಿ ತಲೆ ಬಗ್ಗಿಸಿ ನಡೆಯಬೇಕಾದ ಕೋಣೆಗೂ ಜಾಹೀರಾತಿನಲ್ಲಿ ಒಂದೇ ಇತಿಹಾಸ.

ನಿಜವಾದ ಸಿಕ್ಕು ಶುರುವಾದದ್ದು 2009ರಲ್ಲಿ. ಅಲ್ಲಿಯವರೆಗೆ ಫ್ರಾನ್ಸಿನಲ್ಲಿ ಐದನೇ ನಕ್ಷತ್ರವೇ ಇರಲಿಲ್ಲ. 1986ರ ನಿಯಮದ ಪ್ರಕಾರ ಎಲ್ಲಕ್ಕಿಂತ ಮೇಲಿನ ದರ್ಜೆ ‘ನಾಲ್ಕು ನಕ್ಷತ್ರ, ಲಕ್ಸುರಿ’. ದೇಶದೊಳಗೆ ಇದು ಎಲ್ಲರಿಗೂ ಗೊತ್ತಿದ್ದ ಮಾತು. ಆದರೆ ಜನ ಹೋಟೆಲನ್ನು ಇಂಟರ್ನೆಟ್‌ನಲ್ಲಿ ನಕ್ಷತ್ರ ಒತ್ತಿ ಹುಡುಕಲು ಶುರು ಮಾಡಿದಾಗ, ಐದು ಎಂದು ಒತ್ತಿದವರಿಗೆ ಬೇರೆ ದೇಶದ ಹೊಸ ಗೋಪುರಗಳು ಸಿಕ್ಕವು, ಪ್ಯಾರಿಸ್ಸಿನ ಹಳಬರು ಸಿಗಲಿಲ್ಲ. ಹಾಗಾಗಿ 2009ರ ಜನವರಿಯಿಂದ ಐದನೇ ನಕ್ಷತ್ರ ಬಂತು. ಹಿಂದೆಯೇ ಇನ್ನೂರಕ್ಕೂ ಹೆಚ್ಚು ಅಂಶಗಳಿಗೆ ಅಂಕ ಕೊಡುವ ಹೊಸ ಪದ್ಧತಿಯೂ ಬಂತು. ಇಬ್ಬರ ಕೋಣೆ ಕನಿಷ್ಠ 24 ಚದರ ಮೀಟರ್ ಇರಬೇಕು, ಹಗಲಿರುಳು ಸೇವೆ ಇರಬೇಕು, ಹೀಗೆ. ಅಳತೆಗೆ ಸಿಗುವುದಕ್ಕೆಲ್ಲ ಅಂಕ. ಅಳತೆ ಸರಿ ಮಾಡಿಕೊಂಡ ಹೋಟೆಲುಗಳೆಲ್ಲ ಐದು ನಕ್ಷತ್ರ ಪಡೆದವು. ನೂರು ವರ್ಷದ ಹೋಟೆಲು ಮತ್ತು ಹಿಂದಿನ ವರ್ಷ ತೆರೆದದ್ದು ಒಂದೇ ಸಾಲಿನಲ್ಲಿ ನಿಂತವು.

ಈ ಸಾಲಿನಿಂದ ಕೆಲವರನ್ನು ಮೇಲೆತ್ತಲು 2010ರ ನವೆಂಬರಿನಲ್ಲಿ ‘ಪಲಾಸ್’ ಸರಕಾರಿ ಪಟ್ಟವಾಯಿತು. ದಾರಿ ಹೀಗೆ: ಹೋಟೆಲು ಮೊದಲೇ ಐದು ನಕ್ಷತ್ರದ್ದಾಗಿರಬೇಕು, ತಾನಾಗಿ ಅರ್ಜಿ ಹಾಕಬೇಕು. ಮೊದಲ ಹಂತದಲ್ಲಿ ಕಡತ ನೋಡುತ್ತಾರೆ, ಅಂದರೆ ಕೋಣೆಯ ಅಳತೆ, ಸೇವೆ, ಸೌಕರ್ಯ. ಎರಡನೇ ಹಂತದಲ್ಲಿ ತೀರ್ಪುಗಾರರ ಮಂಡಳಿ. ಅದು ನೋಡುವುದು ಜಾಗದ ಚೆಲುವು, ಇತಿಹಾಸ, ವ್ಯಕ್ತಿತ್ವ ಇಂಥವನ್ನು. ಪಟ್ಟದ ಅವಧಿ ಐದು ವರ್ಷ, ಮುಗಿದರೆ ಮತ್ತೆ ಪರೀಕ್ಷೆ. ಅರ್ಜಿ ಹಾಕದವರಿಗೆ ಪಟ್ಟವಿಲ್ಲ ಎಂಬ ಸಣ್ಣ ಸಂಗತಿಯನ್ನು ಪ್ರವಾಸದ ಜಾಹೀರಾತುಗಳು ಹೇಳುವುದೇ ಇಲ್ಲ.

2011ರ ಮೇ ತಿಂಗಳಲ್ಲಿ ಮೊದಲ ಪಟ್ಟಿ ಬಂದಾಗ ದೇಶಕ್ಕೆಲ್ಲ ಎಂಟು ಹೆಸರು, ಪ್ಯಾರಿಸ್ಸಿಗೆ ನಾಲ್ಕು: ಬ್ರಿಸ್ಟಲ್, ಮರೀಸ್, ಪ್ಲಾಜಾ ಅಥೆನೆ, ಪಾರ್ಕ್ ಹಯಾಟ್. ರಿಟ್ಜ್ ಇಲ್ಲ, ಕ್ರಿಯೋಂ ಇಲ್ಲ, ಜಾರ್ಜ್ ಸ್ಯಾಂಕ್ ಕೂಡ ಇಲ್ಲ. ಜಾರ್ಜ್ ಸ್ಯಾಂಕ್ ಕೆಲವೇ ತಿಂಗಳಲ್ಲಿ ಒಳಗೆ ಬಂತು. ಅಷ್ಟರಲ್ಲಿ ಏಷ್ಯಾದ ಸರಪಳಿಗಳೂ ಊರು ಸೇರಿದ್ದವು: 2010ರ ಕೊನೆಗೆ ಶಾಂಗ್ರಿ-ಲಾ, 2011ರಲ್ಲಿ ಮ್ಯಾಂಡರಿನ್ ಓರಿಯೆಂಟಲ್, 2014ರಲ್ಲಿ ಪೆನಿನ್ಸುಲಾ. ಮೂರಕ್ಕೂ ಮುಂದೆ ಪಟ್ಟ ಸಿಕ್ಕಿತು. ಪೆನಿನ್ಸುಲಾ ಇರುವ ಕಟ್ಟಡ 1908ರ ಮಜೆಸ್ಟಿಕ್ ಹೋಟೆಲು. ವಿಯೆಟ್ನಾಂ ಯುದ್ಧ ನಿಲ್ಲಿಸುವ 1973ರ ಒಪ್ಪಂದಕ್ಕೆ ಸಹಿ ಬಿದ್ದದ್ದು ಅಲ್ಲೇ. ಆದರೆ ನಡುವಿನ ದಶಕಗಳಲ್ಲಿ ಅದು ಹೋಟೆಲೇ ಆಗಿರಲಿಲ್ಲ. ‘ಐತಿಹಾಸಿಕ’ ಎಂಬುದು ಕಲ್ಲಿಗೋ, ಹೆಸರಿಗೋ, ನಡೆದುಬಂದ ಕೆಲಸಕ್ಕೋ ಎಂದು ಪಟ್ಟಿ ಹೇಳುವುದಿಲ್ಲ.

ಹಳಬರ ಉತ್ತರ ಬಂದದ್ದು ಸುತ್ತಿಗೆ ಹಿಡಿದು. ಪ್ಯಾರಿಸ್ಸಿನ ಹೋಟೆಲುಗಳು ನವೀಕರಣಕ್ಕೆಂದು ಸಾಲಾಗಿ ಬಾಗಿಲು ಹಾಕಿದವು. ರಿಟ್ಜ್ 2012ರಿಂದ 2016ರವರೆಗೆ, ಕ್ರಿಯೋಂ 2013ರಿಂದ 2017ರವರೆಗೆ, ಲುತೇಸಿಯಾ 2014ರಿಂದ 2018ರವರೆಗೆ. ತೆರೆಯುವ ಹೊತ್ತಿಗೆ ಕೋಣೆಗಳ ಸಂಖ್ಯೆ ಎಲ್ಲೆಡೆ ಇಳಿದಿತ್ತು: ರಿಟ್ಜ್‌ನಲ್ಲಿ 159 ಇದ್ದದ್ದು 142, ಕ್ರಿಯೋಂನಲ್ಲಿ 147 ಇದ್ದದ್ದು 124, ಲುತೇಸಿಯಾದಲ್ಲಿ 233 ಇದ್ದದ್ದು 184. ನೂರು ವರ್ಷದ ಹಿಂದಿನ ಕೋಣೆಯಲ್ಲಿ ಎಸಿ ಕೊಳವೆಗೆ ಜಾಗವಿಲ್ಲ, ಸ್ನಾನದ ಮನೆ ಕಿರಿದು, ಇಬ್ಬರು ಒಟ್ಟಿಗೆ ಪೆಟ್ಟಿಗೆ ಬಿಚ್ಚಿದರೆ ನಡೆಯಲು ದಾರಿಯಿಲ್ಲ. ಹಾಗಾಗಿ ಮೂರು ಕೋಣೆಯ ಗೋಡೆ ತೆಗೆದು ಎರಡು ಮಾಡುತ್ತಾರೆ. ಕೊಳವೆ ಹಾಯಿಸಲು ಹಜಾರದ ಚಾವಣಿ ಕೆಳಗಿಳಿಯುತ್ತದೆ. ಈಜುಕೊಳ ಬೇಕು, ಆದರೆ 18ನೇ ಶತಮಾನದ ರಕ್ಷಿತ ಮುಖಭಾಗದ ಕಲ್ಲು ಅಲುಗಬಾರದು. ಕ್ರಿಯೋಂನಲ್ಲಿ ಅದಕ್ಕೆ ಕಟ್ಟಡದ ಅಡಿಯನ್ನೇ ಅಗೆದರು. ಇಷ್ಟೆಲ್ಲ ಕೆಲಸದ ನಡುವೆ ರಿಟ್ಜ್‌ನ ಮಾಡಿಗೆ 2016ರ ಜನವರಿಯಲ್ಲಿ ಬೆಂಕಿಯೂ ಬಿತ್ತು. ಕ್ರಿಯೋಂ 2018ರಲ್ಲಿ ಪಟ್ಟ ಪಡೆಯಿತು. ಅಂದರೆ ಹಳೆಯ ಹೋಟೆಲು ಪಲಾಸ್ ಆದದ್ದು ತನ್ನ ಹಳೆಯ ಕೋಣೆಗಳನ್ನು ಕೆಡವಿದ ಮೇಲೆ. ರಕ್ಷಿತವಾಗಿರುವುದು ಸಾಮಾನ್ಯವಾಗಿ ಮುಖಭಾಗ, ಮೆಟ್ಟಿಲು, ಒಂದೆರಡು ಸಭಾಂಗಣ. ಮಲಗುವ ಕೋಣೆಯಲ್ಲಿ ನಿಮಗೆ ಕಾಣುವ ‘ಲೂಯಿ’ ದೊರೆಗಳ ಕಾಲದ ಶೈಲಿಯ ಅಂಚುಪಟ್ಟಿ ಮೊನ್ನೆ ಮೊನ್ನೆಯದಾಗಿರಬಹುದು. ಚೆನ್ನಾಗಿಲ್ಲ ಎಂದಲ್ಲ.

ಇದೆಲ್ಲ ಬುಕಿಂಗ್‌ಗೆ ಹೇಗೆ ತಟ್ಟುತ್ತದೆ? ಪಟ್ಟ ನೋಡಿ ಕೋಣೆ ಹಿಡಿದರೆ ಸಿಗುವುದು ಅಳತೆ ಮತ್ತು ಸೇವೆಯ ಭರವಸೆ, ಹಳೆತನದ್ದಲ್ಲ. ಹಳೆತನ ಬೇಕಾದವರು ಕೇಳಬೇಕಾದದ್ದು ಬೇರೆ: ಕೋಣೆ ಮೂಲ ಕಟ್ಟಡದಲ್ಲಿದೆಯೋ ಆಮೇಲೆ ಸೇರಿದ ರೆಕ್ಕೆಯಲ್ಲೋ, ಯಾವ ಮಹಡಿ, ಬೀದಿ ಕಡೆಗೋ ಒಳಂಗಳದ ಕಡೆಗೋ. ಒಳಂಗಳದ ಕೋಣೆಗೆ ಬೆಲೆ ಕಡಿಮೆ, ನೋಟವಿಲ್ಲ. ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ. ಬೆಳಗಿನ ತಿಂಡಿ ದರದಲ್ಲಿ ಸೇರಿದೆಯೇ ಎಂದು ನೋಡಿ, ಎಷ್ಟೋ ಸಲ ಇರುವುದಿಲ್ಲ. ಚೆಕ್‌-ಇನ್‌ನಲ್ಲಿ ಕಾರ್ಡಿನ ಮೇಲೆ ಮುಂಗಡವಾಗಿ ಒಂದು ಮೊತ್ತ ತಡೆಹಿಡಿಯುತ್ತಾರೆ. ಫಾರೆಕ್ಸ್ ಕಾರ್ಡ್ ಕೊಟ್ಟರೆ ಆ ದುಡ್ಡು ಬಿಡುಗಡೆಯಾಗಲು ದಿನಗಳೇ ಹಿಡಿಯಬಹುದು, ಊರು ಸುತ್ತಲು ಕೈ ಖಾಲಿ. ಅದಕ್ಕೆ ಕ್ರೆಡಿಟ್ ಕಾರ್ಡೇ ಮೇಲು. ಕೋಣೆಯ ದರದಲ್ಲಿ ಶೇ 10ರ ವ್ಯಾಟ್ ಸೇರಿಯೇ ಇರುತ್ತದೆ, ಊಟದ ಬೆಲೆಯಲ್ಲಿ ಸೇವಾ ಶುಲ್ಕವೂ ಸೇರಿರುತ್ತದೆ.

ಸೇರದೇ ಇರುವುದು ತಂಗುವ ತೆರಿಗೆ. ಪಟ್ಟದ ಬೆಲೆ ಅಂಕಿಯಲ್ಲಿ ಕಾಣುವುದು ಇಲ್ಲೇ, ಯಾಕೆಂದರೆ ತೆರಿಗೆಯ ಪಟ್ಟಿಯಲ್ಲಿ ಪಲಾಸ್‌ಗೇ ಪ್ರತ್ಯೇಕ ಸಾಲಿದೆ. 2024ರ ಲೆಕ್ಕ ಹೀಗಿತ್ತು: ಪಲಾಸ್‌ಗೆ ನಗರದ ಮೂಲ ದರ 4.60 ಯೂರೋ. ಅದರ ಮೇಲೆ ಜಿಲ್ಲೆಗೆ ಶೇ 10, ಹೊಸ ಮೆಟ್ರೊ ಮಾರ್ಗಗಳಿಗೆ ಶೇ 15, ಆ ವರ್ಷದಿಂದ ಸೇರಿದ ಸಾರಿಗೆ ಪಾಲು ಶೇ 200. ಒಟ್ಟು 14.95 ಯೂರೋ, ತಲೆಗೆ, ರಾತ್ರಿಗೆ. ಹದಿನೆಂಟು ತುಂಬದ ಮಕ್ಕಳಿಗೆ ಇಲ್ಲ. ಐದು ನಕ್ಷತ್ರಕ್ಕೆ ಇದೇ ಲೆಕ್ಕದಲ್ಲಿ 10.73. ದರ ಬದಲಾಗುತ್ತಿರುತ್ತದೆ, ಹೊರಡುವ ಮೊದಲು ನೋಡಿಕೊಳ್ಳಿ. ಆ ವರ್ಷದ ದರದಲ್ಲಿ ಇಬ್ಬರು ಮೂರು ರಾತ್ರಿ ಕ್ರಿಯೋಂನಲ್ಲಿ ತಂಗಿದರೆ ಈ ತೆರಿಗೆ 89.70 ಯೂರೋ. ಪಟ್ಟವಿಲ್ಲದ ರಿಟ್ಜ್‌ನಲ್ಲಿ 64.38.