ಅಜ್ಜಿ ಸ್ನಾನ ತಾನೇ ಮಾಡ್ತಾರಾ? ನರ್ಸ್ ಕೇಳೋ ಪ್ರಶ್ನೆ ಹಿಂದಿರೋ ವಿಜ್ಞಾನ

ಆಸ್ಪತ್ರೆಗೆ ಅಡ್ಮಿಟ್ ಆದ್ರೆ ಡಾಕ್ಟರ್ ಬಂದು ಏನು ಕಾಯಿಲೆ ಅಂತ ನೋಡ್ತಾರೆ, ಅದು ಎಲ್ರಿಗೂ ಗೊತ್ತು. ಆಮೇಲೆ ನರ್ಸ್ ಬಂದು ಸ್ನಾನ ನೀವೇ ಮಾಡ್ತೀರಾ, ರಾತ್ರಿ ಎಷ್ಟು ಸಲ ಏಳ್ತೀರಾ, ಮನೇಲಿ ಟಾಯ್ಲೆಟ್ ಒಳಗಿದ್ಯಾ ಹೊರಗಿದ್ಯಾ, ಅಡಿಗೆ ಯಾರು ಮಾಡೋದು ಅಂತ ಕೇಳ್ತಾ ಹೋದ್ರೆ ಮಾತ್ರ ಇದೆಲ್ಲಾ ಇವ್ರಿಗೆ ಯಾಕಪ್ಪಾ ಅನ್ಸುತ್ತೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಲ್ಲಿ ಹೋದ್ರೂ ಇದೇ. ನಾನು ನರ್ಸಿಂಗ್ ಕೆಲಸದಲ್ಲಿರೋಳು, ಅದಕ್ಕೇ ಹೇಳ್ತಿದ್ದೀನಿ, ಪೇಷೆಂಟ್ ಮನೆಗೆ ಹೋದ್ಮೇಲೆ ಚೆನ್ನಾಗಿರ್ತಾರಾ ಇಲ್ಲ ಮತ್ತೆ ಇದೇ ಬೆಡ್ಡಿಗೆ ಬರ್ತಾರಾ ಅನ್ನೋದು ಎಷ್ಟೋ ಸಲ ಈ ಪ್ರಶ್ನೆಗಳ ಉತ್ತರದಲ್ಲೇ ಇರುತ್ತೆ.

ಇದನ್ನ ಒಂದು ಸಿದ್ಧಾಂತ ಅಂತ ಮಾಡಿದ್ದು ಅಮೆರಿಕಾದ ನರ್ಸ್ ಡೊರೊಥಿಯಾ ಓರೆಮ್. 1914ರಲ್ಲಿ ಬಾಲ್ಟಿಮೋರಲ್ಲಿ ಹುಟ್ಟಿದೋರು, 1971ರಲ್ಲಿ ಇವರ ವಿಚಾರ ಪುಸ್ತಕವಾಗಿ ಬಂತು, ಇವತ್ತಿಗೂ ನರ್ಸಿಂಗ್ ಓದೋ ಮಕ್ಕಳು ಪರೀಕ್ಷೆಗೆ ಬರೀತಾರೆ. ಓರೆಮ್ ಹೇಳಿದ್ದು ತುಂಬಾ ಸರಳ. ಉಸಿರು, ನೀರು, ಊಟ, ಮಲಮೂತ್ರ, ಓಡಾಟ ಮತ್ತೆ ವಿಶ್ರಾಂತಿ, ಒಂಟಿಯಾಗಿ ಇರೋದು ಮತ್ತೆ ಜನರ ಜೊತೆ ಬೆರೆಯೋದು, ಅಪಾಯದಿಂದ ದೂರ ಇರೋದು, ಎಲ್ಲರ ಹಾಗೆ ಬದುಕ್ತಿದ್ದೀನಿ ಅನ್ನೋ ಭಾವನೆ, ಇಷ್ಟು ಪ್ರತಿ ಮನುಷ್ಯನಿಗೂ ಬೇಕು. ಇದ್ರ ಮೇಲೆ ವಯಸ್ಸು ತನ್ನದೊಂದಿಷ್ಟು ಸೇರಿಸುತ್ತೆ, ಕಾಯಿಲೆ ತನ್ನದೊಂದಿಷ್ಟು ಸೇರಿಸುತ್ತೆ. ಇದ್ರಲ್ಲಿ ಎಷ್ಟು ಪೇಷೆಂಟ್ ಕೈಲಿ ಆಗುತ್ತೆ, ಎಷ್ಟು ಆಗಲ್ಲ, ಆಗದೇ ಇರೋದನ್ನ ಈಗ ಯಾರು ಮಾಡ್ತಿದ್ದಾರೆ, ಅದನ್ನ ಕಂಡುಹಿಡಿಯೋದೇ ನರ್ಸ್ ಕೆಲಸ.

ಹಸುಗೂಸಿನ ಕೈಲಿ ಏನೂ ಆಗಲ್ಲ, ಹಾಗಾಗಿ ಅಲ್ಲಿ ನಾವು ನಿಜವಾಗಿ ನೋಡೋದು ತಾಯಿನ. ಮಗು ದಿನಕ್ಕೆ ಆರು ಸಲನಾದ್ರೂ ಉಚ್ಚೆ ಮಾಡ್ತಿದ್ಯಾ ಅಂತ ಕೇಳಿದ ಮೇಲೆ, ಬಾಣಂತಿ ಊಟ ಮಾಡಿದ್ದಾಳಾ, ಎರಡು ಗಂಟೆನಾದ್ರೂ ಒಟ್ಟಿಗೆ ನಿದ್ದೆ ಬಂತಾ ಅಂತ ಕೇಳದೇ ಎದ್ದುಬಂದ್ರೆ ಕೆಲಸ ಅರ್ಧಕ್ಕೇ ನಿಂತ ಹಾಗೆ. ಇನ್ನು ಮೂರು ನಾಕು ವರ್ಷದ ಮಗು, ಬಾತ್‌ರೂಮಿಗೆ ಹೋಗೋದು ಕಲ್ತಿರೋದು, ವಾರ್ಡಿಗೆ ಬಂದ ತಕ್ಷಣ ಮತ್ತೆ ಹಾಸಿಗೆ ಒದ್ದೆ ಮಾಡಿದ್ರೆ ದಯವಿಟ್ಟು ಬೈಬೇಡಿ. ಕಾಯಿಲೆ, ಹೊಸ ಜಾಗ, ಸೂಜಿ ಭಯ ಇದ್ದಾಗ ಹೊಸದಾಗಿ ಕಲಿತಿದ್ದು ಮೊದ್ಲು ಜಾರುತ್ತೆ, ಹುಷಾರಾದ್ರೆ ಸಾಮಾನ್ಯವಾಗಿ ತಾನಾಗೇ ವಾಪಸ್ ಬರುತ್ತೆ.

ಹದಿಹರೆಯ ಬೇರೆಯೇ ಕಷ್ಟ. ಟೈಪ್ 1 ಶುಗರ್, ಅಂದ್ರೆ ದಿನಾ ಇನ್ಸುಲಿನ್ ತಗೊಳ್ಲೇಬೇಕಾದ ಡಯಾಬಿಟಿಸ್, ಇರೋ ಹದಿಮೂರು ಹದಿನಾಲ್ಕರ ಹುಡುಗಿಗೆ ಇನ್ಸುಲಿನ್ ಚುಚ್ಕೊಳ್ಳೋಕೆ ಕೈ ಬರುತ್ತೆ, ಅಮ್ಮ ಇನ್ನು ಅವಳೇ ನೋಡ್ಕೊಳ್ತಾಳೆ ಅಂತ ಪೂರ್ತಿ ಬಿಟ್ಟುಬಿಡ್ತಾರೆ, ಆದ್ರೆ ಅದೇ ವಯಸ್ಸಲ್ಲಿ ಹಾರ್ಮೋನುಗಳಿಂದ ಇನ್ಸುಲಿನ್ ಕೆಲಸ ಮಾಡೋದು ಕಮ್ಮಿಯಾಗಿ ಶುಗರ್ ಏರುಪೇರಾಗುತ್ತೆ. ನಮ್ಮ ಜಿಲ್ಲೇಲಿ ಹಾಸ್ಟೆಲ್ಲಲ್ಲಿದ್ದು ಓದೋ ಮಕ್ಕಳು ಸುಮಾರಿದ್ದಾರೆ, ಅವರಿಗೆ ಇನ್ಸುಲಿನ್ ಎಲ್ಲಿಡ್ತೀಯಾ, ಫ್ರೆಂಡ್ಸ್ ಮುಂದೆ ಚುಚ್ಕೊಳ್ಳೋಕೆ ನಾಚಿಕೆ ಆಗುತ್ತಾ ಅಂತ ಕೇಳ್ಬೇಕು, ಅದೂ ಅಪ್ಪ ಅಮ್ಮನ್ನ ಹೊರಗೆ ಕೂರಿಸಿ.

ಎಸ್ಟೇಟ್ ಕೆಲಸಕ್ಕೆ ಹೋಗೋ ನಡುವಯಸ್ಸಿನೋರನ್ನ ನೋಡಿದ್ರೆ ನೋಡೋಕೆ ಗಟ್ಟಿ, ಎಲ್ಲಾ ತಾವೇ ಮಾಡ್ಕೊಳ್ತಾರೆ, ಹಾಗಾಗಿ ಅವರನ್ನ ಯಾರೂ ಏನೂ ಕೇಳಲ್ಲ. ಶುಗರ್ ಹಳೇದಾಗಿ ಕಾಲಿನ ನರ ಸತ್ತಿದ್ರೆ ಗಂಬೂಟಿನೊಳಗೆ ಕಲ್ಲು ಸೇರಿದ್ರೂ ಗೊತ್ತಾಗಲ್ಲ, ಮಳೆಗಾಲದಲ್ಲಿ ಕಾಲು ಇಡೀ ದಿನ ಒದ್ದೆ, ಬೆರಳ ಸಂದಿಲಿ ಆದ ಗಾಯ ಕಣ್ಣಿಗೆ ಬೀಳೋ ಹೊತ್ತಿಗೆ ಕೀವು ತುಂಬಿರುತ್ತೆ. ನೈಲಾನ್ ದಾರದ ಥರದ ಹತ್ತು ಗ್ರಾಂ ಮೊನೊಫಿಲಮೆಂಟ್ ಅಂತ ಇದೆ, ಪಾದಕ್ಕೆ ಅದು ಬಾಗೋವರೆಗೆ ಒತ್ತಿ ಗೊತ್ತಾಗ್ತಿದ್ಯಾ ಅಂತ ಕೇಳಿದ್ರೆ ಕೆಲವೇ ನಿಮಿಷದ ಕೆಲಸ. ಅದಾದ್ಮೇಲೆ ದಿನಾ ಪಾದ ನೋಡ್ಕೊಳ್ಳಿ ಅಂತ ಹೇಳೋದು ಸುಲಭ, ಬಗ್ಗಿ ಪಾದ ನೋಡೋಕೆ ಅವರ ಸೊಂಟ ಬಗ್ಗುತ್ತಾ, ಎಸ್ಟೇಟ್ ಕೊಡೋ ಲೈನ್ ಮನೇಲಿ ಸಂಜೆ ಅಷ್ಟು ಬೆಳಕಿದ್ಯಾ ಅಂತನೂ ನೋಡ್ಬೇಕಲ್ವಾ.

ಈಗ ಅಜ್ಜಿ ವಿಷಯಕ್ಕೆ ಬರ್ತೀನಿ. ಸಿಡ್ನಿ ಕ್ಯಾಟ್ಜ್ ಅನ್ನೋ ಡಾಕ್ಟರ್ ಮತ್ತೆ ಅವರ ತಂಡ ಸೊಂಟದ ಮೂಳೆ ಮುರಿದ ವಯಸ್ಸಾದೋರನ್ನ ಗಮನಿಸ್ತಾ 1963ರಲ್ಲಿ ಒಂದು ಅಳತೆಪಟ್ಟಿ ಕೊಟ್ರು. ಸ್ನಾನ, ಬಟ್ಟೆ ಹಾಕೋದು, ಟಾಯ್ಲೆಟ್ಟಿಗೆ ಹೋಗೋದು, ಹಾಸಿಗೆಯಿಂದ ಕುರ್ಚಿಗೆ ಬರೋದು, ಮಲಮೂತ್ರ ತಡೆಯೋದು, ಊಟ, ಈ ಆರರಲ್ಲಿ ಸಾಮಾನ್ಯವಾಗಿ ಮೊದ್ಲು ಕೈಬಿಡೋದು ಸ್ನಾನ, ಕೊನೇಗೆ ಹೋಗೋದು ತಾನೇ ತಿನ್ನೋದು. ಚೇತರಿಸ್ಕೊಳ್ಳುವಾಗ ಉಲ್ಟಾ, ಊಟ ಮೊದ್ಲು ಬರುತ್ತೆ ಸ್ನಾನ ಕೊನೇಗೆ, ಮಕ್ಕಳು ಕಲಿಯೋದೂ ಹೆಚ್ಚುಕಮ್ಮಿ ಇದೇ ಕ್ರಮದಲ್ಲಿ ಅಂತ ಕ್ಯಾಟ್ಜ್ ತಂಡ ಗುರುತಿಸ್ತು. ನನಗೆ ಇದು ಓದಿದಾಗೆಲ್ಲಾ ಆಶ್ಚರ್ಯ. ಆದ್ರೆ ಇದನ್ನ ಹಿಡ್ಕೊಂಡು ಅಜ್ಜಿನ ಮಗು ಥರ ಮಾತಾಡ್ಸೋದು ತಪ್ಪು, ಇಡೀ ಸಂಸಾರ, ತೋಟ ನೋಡ್ಕೊಂಡ ಜೀವ ಅದು.

ಕೇಳಿದ್ರೆ ಸಾಲದು, ನೋಡ್ಲೂ ಬೇಕು. "ಅಜ್ಜಿ, ಮನೇಲಿ ಎಲ್ಲಾ ನೀವೇ ಮಾಡ್ಕೊಳ್ತೀರಾ?" ಅಂದ್ರೆ "ಹೂಂ ಸಿಸ್ಟರ್, ನಂಗೇನಾಗಿದೆ" ಅಂತಾರೆ, ಪಕ್ಕದಲ್ಲಿರೋ ಸೊಸೆ ಮಾತಾಡಲ್ಲ. ಹಂಗಾದ್ರೆ ಒಂದ್ಸಲ ಎದ್ದು ಆ ಕಿಟಕಿ ತನಕ ಹೋಗಿಬನ್ನಿ ಅಂದಾಗ ಗೊತ್ತಾಗುತ್ತೆ, ಎರಡೂ ಕೈ ಮಂಚಕ್ಕೆ ಊರಿ, ಎರಡ್ಸಲ ಪ್ರಯತ್ನ ಮಾಡಿ ಏಳ್ತಾರೆ, ತಿರುಗುವಾಗ ಗೋಡೆ ಹುಡುಕ್ತಾರೆ. ಇದಕ್ಕೂ ಪರೀಕ್ಷೆ ಇದೆ, 1991ರಿಂದ ಬಳಕೇಲಿರೋದು, ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ವಾಪಸ್ ಬಂದು ಕೂರೋಕೆ 12 ಸೆಕೆಂಡ್ ಅಥ್ವಾ ಜಾಸ್ತಿ ಹಿಡಿದ್ರೆ ಬೀಳೋ ಅಪಾಯ ಉಂಟು ಅಂತ ಲೆಕ್ಕ.

ಇನ್ನೊಂದು, ನಮ್ಮ ಕಡೆ ಮಳೆಗಾಲದಲ್ಲಿ ಪದೇ ಪದೇ ನೋಡೋದು. ಹಳೇ ಮನೆಗಳಲ್ಲಿ ಟಾಯ್ಲೆಟ್ ಹೊರಗೆ, ಅಂಗಳ ಪೂರ್ತಿ ಪಾಚಿ, ರಾತ್ರಿ ಕರೆಂಟಿಲ್ಲ. ಬಿದ್ರೆ ಏನು ಗತಿ ಅಂತ ಅಜ್ಜಿ ಮಧ್ಯಾಹ್ನದಿಂದಲೇ ನೀರು ಕುಡಿಯೋದು ಬಿಡ್ತಾರೆ, ವಯಸ್ಸಾದ್ಮೇಲೆ ಬಾಯಾರಿಕೆ ಬೇರೆ ಸರಿಯಾಗಿ ಗೊತ್ತಾಗಲ್ಲ, ಮೈಯಲ್ಲಿ ನೀರು ಕಮ್ಮಿಯಾಗಿ, ಉಚ್ಚೆ ಇನ್‌ಫೆಕ್ಷನ್ನೂ ಸೇರ್ಕೊಂಡ್ರೆ ಜ್ವರ ಬರೋಕೂ ಮೊದ್ಲೇ ಗೊಂದಲ ಆಗಿ ಏನೇನೋ ಮಾತಾಡೋಕೆ ಶುರುವಾಗಬಹುದು. ಮನೆಯೋರು ಅರಳು ಮರಳು ಅಂದ್ಕೊಳ್ತಾರೆ. ಎರಡೇ ದಿನದಲ್ಲಿ ಹೀಗಾದ್ರೆ ಅದು ಅರಳು ಮರಳಲ್ಲ, ಆಸ್ಪತ್ರೆಗೆ ಕರ್ಕೊಂಡು ಬರೋ ವಿಷಯ. ಇಂಥ ಕಡೆ ಮಾತ್ರೆ ಜೊತೆ ಮಂಚದ ಪಕ್ಕಕ್ಕೊಂದು ಕಮೋಡ್ ಕುರ್ಚಿ, ಒಂದು ಟಾರ್ಚ್ ಬೇಕು, ಅದನ್ನ ಬ್ಲಡ್ ರಿಪೋರ್ಟ್ ಹೇಳಲ್ಲ.

ಪ್ರೀತಿಯಿಂದ ಎಲ್ಲಾ ನಾವೇ ಮಾಡಿಕೊಡೋದೂ ತೊಂದರೆನೇ. 2007ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ವಯಸ್ಸಾದೋರನ್ನ ಹತ್ತು ದಿನ ಹಾಸಿಗೇಲಿ ಮಲಗಿಸಿದ್ರು, ಅಷ್ಟಕ್ಕೇ ಕಾಲಿನ ಭಾಗದಿಂದ ಸುಮಾರು ಒಂದು ಕಿಲೋದಷ್ಟು ಕೊಬ್ಬಿಲ್ಲದ ತೂಕ, ಅಂದ್ರೆ ಬಹುಪಾಲು ಸ್ನಾಯು, ಹೋಗಿತ್ತು. ಹಾಗಾಗಿ ಅಜ್ಜಿಗೆ ಬೆನ್ನು ಮಾತ್ರ ನೀವು ತೊಳೀರಿ, ಮುಖ ಕೈಕಾಲು ಅವರೇ ತೊಳ್ಕೊಳ್ಲಿ, ಹೊತ್ತಾದ್ರೂ ಪರವಾಗಿಲ್ಲ.

ಡಿಸ್ಚಾರ್ಜ್ ದಿನ ಅವಸರ ಇದ್ದೇ ಇರುತ್ತೆ, ಬಸ್ ಹಿಡೀಬೇಕು. ಆದ್ರೂ ನರ್ಸ್ ಹತ್ರ ಹತ್ತು ನಿಮಿಷ ಕೂತು, ಯಾವ ಕೆಲಸ ಅವರೇ ಮಾಡ್ಲಿ, ಯಾವುದಕ್ಕೆ ಕೈ ಹಿಡೀಬೇಕು, ಯಾವುದನ್ನ ಮನೇಲಿ ಯಾರು ಮಾಡ್ತಾರೆ ಅಂತ ಹೆಸರು ಸಮೇತ ಬರೆಸ್ಕೊಳ್ಳಿ. ಕಾಫಿ ಕೊಯ್ಲು ಶುರುವಾದ್ರೆ ಹಗಲು ಮನೇಲಿ ಯಾರಿರ್ತಾರೆ ಅನ್ನೋದನ್ನೂ ಹೇಳಿ, ಮಧ್ಯಾಹ್ನದ ಮಾತ್ರೆನ ಎಲ್ರೂ ಮನೇಲಿರೋ ಹೊತ್ತಿಗೆ ಬದಲಾಯಿಸೋಕೆ ಆಗುತ್ತಾ ಅಂತ ಡಾಕ್ಟರ್ ಹತ್ರ ಆಗಲೇ ಕೇಳ್ಬಹುದು.