ಗಾಮಾ ಕಿರಣ ಹಾಯಿಸಿದ ಕಾಳುಮೆಣಸು

"ಮೇಡಂ, ವಿಕಿರಣ ಹೊಡೆಸಿದ ಮೆಣಸು ತಿಂದ್ರೆ ನಮಗೂ ವಿಕಿರಣ ಅಂಟ್ಕೊಳ್ಳಲ್ವಾ?"

ನಮ್ಮ ಲ್ಯಾಬಿಗೆ ಕಾಳುಮೆಣಸಿನ ಸ್ಯಾಂಪಲ್ ತರುವ ವ್ಯಾಪಾರಿಯೊಬ್ಬರು ಕೇಳಿದ್ದು ಇದು. ಎಕ್ಸ್‌ರೇ ತೆಗೆಸಿಕೊಂಡು ಬಂದವರ ಪಕ್ಕ ಕೂರೋಕೆ ಹೆದರ್ತೀರಾ ಅಂತ ನಾನು ವಾಪಸ್ ಕೇಳಿದೆ. ಇಲ್ಲಿ ನಡೆಯುವುದೂ ಅಂಥದ್ದೇ. ವಿಕಿರಣ ಸೂಸುವ ಲೋಹವಾದ ಕೋಬಾಲ್ಟ್-60ರಿಂದ ಹೊರಟ ಗಾಮಾ ಕಿರಣ ಮೂಟೆಯೊಳಗೆ ಹಾದು ಹೋಗುತ್ತದೆ. ಕೋಬಾಲ್ಟ್ ಮೆಣಸನ್ನು ಮುಟ್ಟುವುದೇ ಇಲ್ಲ. ಬ್ಯಾಕ್ಟೀರಿಯಾದ ಡಿಎನ್‌ಎ ತುಂಡು ಮಾಡುವಷ್ಟು ಶಕ್ತಿ ಆ ಕಿರಣಕ್ಕಿದೆ. ಮೆಣಸನ್ನೇ ವಿಕಿರಣ ಸೂಸುವ ವಸ್ತು ಮಾಡುವಷ್ಟು ಇಲ್ಲ.

ಮೆಣಸಿಗೆ ಇದೆಲ್ಲ ಯಾಕೆ? ಒಣಗಿಸುವ ಕಣವನ್ನು ನೋಡಿದವರಿಗೆ ಗೊತ್ತು. ಕೋಳಿ ಓಡಾಡುತ್ತದೆ, ಹಕ್ಕಿ ಹಿಕ್ಕೆ ಹಾಕುತ್ತದೆ, ಧೂಳು ಕೂರುತ್ತದೆ. ವಾಂತಿ-ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬರುವುದು ಈ ದಾರಿಯಲ್ಲೇ. ಒಣಗಿದ ಕಾಳಿನಲ್ಲಿ ಅದು ಬೆಳೆಯುವುದಿಲ್ಲ, ಆದರೆ ತಿಂಗಳುಗಟ್ಟಲೆ ಸುಮ್ನೆ ಕಾಯ್ದುಕೊಂಡು ಕೂತಿರುತ್ತದೆ. ಸಾರಿನಲ್ಲಿ ಕುದಿಸಿದರೆ ಸಾಯುತ್ತದೆ. ಕೋಸಂಬರಿಯ ಮೇಲೆ ಹಸಿ ಪುಡಿ ಉದುರಿಸಿದರೆ?

ಹಬೆ ಕೊಟ್ಟು ಶುದ್ಧ ಮಾಡಬಹುದು, ಘಮ ಸ್ವಲ್ಪ ಹೋಗುತ್ತದೆ. ಎಥಿಲೀನ್ ಆಕ್ಸೈಡ್ ಅನಿಲವನ್ನೂ ಬಳಸುತ್ತಾರೆ. ಅದರ ಅಂಶ ಉಳಿದಿದೆ ಎಂದೇ 2024ರಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಾಪುರದಲ್ಲಿ ಭಾರತದ ಕೆಲವು ಮಸಾಲೆ ಪುಡಿಗಳಿಗೆ ತಡೆ ಬಿತ್ತು. ಕಿರಣದಲ್ಲಿ ಹಾಗೆ ಉಳಿಯುವ ರಾಸಾಯನಿಕ ಇಲ್ಲ. ಬಿಸಿಯೂ ಇಲ್ಲ. 10 ಕಿಲೋಗ್ರೇ (ಹೀರಿಕೊಂಡ ಕಿರಣವನ್ನು ಅಳೆಯುವ ಮಾನ) ಪ್ರಮಾಣ ಕೊಟ್ಟರೆ ನೀರು ಎರಡೂವರೆ ಡಿಗ್ರಿಯಷ್ಟು ಬಿಸಿಯಾಗಬಹುದು, ಅಷ್ಟೇ. ಪ್ಯಾಕ್ ಮಾಡಿದ ಮೇಲೂ ಕಿರಣ ಹಾಯಿಸಬಹುದು, ಹಾಗಾಗಿ ಮತ್ತೆ ಕೈ ತಾಗುವ ಮಾತಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ನಮ್ಮಲ್ಲಿ ಮಸಾಲೆ ಪದಾರ್ಥಗಳಿಗೆ 6ರಿಂದ 14 ಕಿಲೋಗ್ರೇ ಕೊಡಬಹುದು. ಒಟ್ಟಾರೆ ಸರಾಸರಿ 10 ಕಿಲೋಗ್ರೇವರೆಗೆ ಯಾವ ಆಹಾರಕ್ಕೂ ತೊಂದರೆ ಇಲ್ಲ ಎಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ 1980ರಲ್ಲೇ ಹೇಳಿದೆ. ನವಿಮುಂಬೈನ ವಾಶಿಯಲ್ಲಿ ಮಸಾಲೆಗೆಂದೇ ಘಟಕ ಶುರುವಾಗಿದ್ದು 2000ದಲ್ಲಿ. ಹೀಗೆ ಸಂಸ್ಕರಿಸಿದ ಪ್ಯಾಕೆಟ್ ಮೇಲೆ ಹಸಿರು ಬಣ್ಣದ ರಡ್ಯೂರಾ ಗುರುತು ಇರಬೇಕು. ದುಂಡನೆಯ ಚಿತ್ರ, ಒಳಗೆ ಎರಡು ಎಲೆ. ಸಸ್ಯಾಹಾರದ ಹಸಿರು ಚುಕ್ಕಿ ಎಂದುಕೊಳ್ಳುವವರೇ ಜಾಸ್ತಿ!

ಇಷ್ಟೆಲ್ಲ ಕೇಳಿ ವ್ಯಾಪಾರಿಗೆ ಧೈರ್ಯ ಬಂತು. ಸ್ವಲ್ಪ ಜಾಸ್ತಿಯೇ ಬಂತು.

"ಹಂಗಾದ್ರೆ ಬೂಸ್ಟು ಹಿಡಿದಿರೋ ನಾಲ್ಕು ಮೂಟೆ ಇದೆ. ಅದನ್ನೂ ಕಳಿಸಿಬಿಡ್ಲಾ?"

ಬೇಡ ಅಂದೆ. ಕಿರಣ ಬೂಸ್ಟನ್ನು ಕೊಲ್ಲಬಹುದು, ಬೂಸ್ಟು ಆಗಲೇ ಬಿಟ್ಟುಹೋದ ಅಫ್ಲಾಟಾಕ್ಸಿನ್ ವಿಷವನ್ನು ಈ ಪ್ರಮಾಣದಲ್ಲಿ ತೆಗೆಯಲಾರದು. ಕೀಟನಾಶಕದ ಅಂಶಕ್ಕೂ ಇದು ಮದ್ದಲ್ಲ. ಕಿರಣ ಹಾಯಿಸಿದ ಮೇಲೆ ಅಂಥ ಮೂಟೆಯಿಂದ ತಂದ ಸ್ಯಾಂಪಲ್‌ನಲ್ಲಿ ಬ್ಯಾಕ್ಟೀರಿಯಾ ಲೆಕ್ಕ ಸೊನ್ನೆ ಬರಬಹುದು. ರಿಪೋರ್ಟ್ ಚೆಂದ ಕಾಣುತ್ತದೆ, ವಿಷ ಮಾತ್ರ ಒಳಗೇ ಇರುತ್ತದೆ. ಮೊದಲು ತೇವ ಶೇ 12ಕ್ಕಿಂತ ಕೆಳಗೆ ಇಳಿಯುವಷ್ಟು ಒಣಗಿಸಿ, ಕಣಕ್ಕೆ ಟಾರ್ಪಾಲು ಹಾಸಿ, ಕೋಳಿ ಬರದಂತೆ ಬಲೆ ಕಟ್ಟಿಸಿ ಅಂದೆ.

"ಬಲೆಗೆ ಎಷ್ಟಾಗುತ್ತೆ ಮೇಡಂ?" ಅಂದರು. ಅದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ.